ಪ್ರವಾಸ ವರದಿ ಬೇಡ, ಒಂದು ಪಾಠ ಸಾಕು

ನಮ್ಮ ಸಿಬ್ಬಂದಿ ಕೊಠಡಿಯ ಕಪಾಟಿನಲ್ಲಿ ಕಳೆದ ಸಾಲಿನ ಶೈಕ್ಷಣಿಕ ಪ್ರವಾಸದ ಮೂವತ್ತೆಂಟು ವರದಿಗಳಿವೆ. ಎಲ್ಲಕ್ಕೂ ಸ್ಪೈರಲ್ ಬೈಂಡಿಂಗ್, ಎಲ್ಲದರ ರಟ್ಟಿನ ಮೇಲೂ ಬಣ್ಣದ ಫೋಟೊ, ಒಳಗೆ ಕೃತಜ್ಞತೆ, ಉದ್ದೇಶಗಳು, ಸ್ಥಳ ಪರಿಚಯ, ಉಪಸಂಹಾರ. ಅಂಕ ಹಾಕಲು ಕುಳಿತಾಗ ಒಂದು ವಾಕ್ಯ ಮತ್ತೆ ಮತ್ತೆ ಎದುರಾಯಿತು: ‘ಮಂಗಳೂರಿನ ಸುಲ್ತಾನ್ ಬತ್ತೇರಿಯು ಸಮುದ್ರ ದಂಡೆಯ ಮೇಲಿದೆ.’ ಎಣಿಸಿದೆ. ಹತ್ತೊಂಬತ್ತು ವರದಿಗಳಲ್ಲಿ ಇತ್ತು. ಬತ್ತೇರಿ ಇರುವುದು ಬೋಳೂರಿನಲ್ಲಿ, ಗುರುಪುರ ನದಿಯ ದಡದಲ್ಲಿ. ಅದರ ಮೇಲೆ ನಿಂತರೆ ಎದುರಿಗೆ ಕಾಣುವುದು ನದಿ. ನದಿಯಾಚೆ ತಣ್ಣೀರುಬಾವಿಯ ಮರಳ ಪಟ್ಟಿ. ಸಮುದ್ರ ಅದರ ಹಿಂದೆ. ಹೀಗೆ ಬರೆದವರಲ್ಲಿ ಹೆಚ್ಚಿನವರು ಆ ಕಲ್ಲಿನ ಮೇಲೆ ನಿಂತು ಫೋಟೊ ತೆಗೆಸಿಕೊಂಡವರೇ. ಆ ಫೋಟೊ ಅದೇ ಪುಟದಲ್ಲಿದೆ, ಹಿಂದೆ ನದಿಯೂ ಕಾಣುತ್ತದೆ.

ಇನ್ನೊಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. ಮೂವತ್ತೆಂಟು ಪ್ರಶಿಕ್ಷಣಾರ್ಥಿಗಳಲ್ಲಿ ಪ್ರವಾಸಕ್ಕೆ ಬಂದವರು ಮೂವತ್ತೊಂದು ಮಂದಿ. ಉಳಿದ ಏಳು ಜನ ಹಣದ ತೊಂದರೆಯಿಂದಲೋ ಮನೆಯವರು ಒಪ್ಪದೆಯೋ ಬರಲಿಲ್ಲ. ಅವರಿಗೂ ಆಂತರಿಕ ಅಂಕ ತಪ್ಪಬಾರದೆಂದು ‘ನೀವೂ ಒಂದು ವರದಿ ಬರೆದುಕೊಡಿ’ ಎಂದಿದ್ದೆವು. ಬರೆದುಕೊಟ್ಟರು. ಬಾರದವರ ವರದಿಯನ್ನು ಬಂದವರ ವರದಿಯಿಂದ ಬೇರೆ ಮಾಡಲು ನನ್ನಿಂದ ಆಗಲಿಲ್ಲ. ಹಾಜರಿ ಪಟ್ಟಿ ತೆಗೆದು ನೋಡಬೇಕಾಯಿತು.

ಈ ಲೇಖನ ಬರೆಯಲು ಅಷ್ಟೇ ಸಾಕಿತ್ತು. ಆದರೆ ಇದರಲ್ಲಿ ನಾನು ಮಾಡಿದ ಒಂದು ತಪ್ಪೂ ಸೇರಿದೆ. ಅದನ್ನು ಬಿಟ್ಟು ಬರೆದರೆ ಇದೂ ಮೂವತ್ತೊಂಬತ್ತನೆಯ ವರದಿ ಆಗುತ್ತದೆ.

ಪ್ರವಾಸ ಹೊರಟದ್ದು ಡಿಸೆಂಬರಿನಲ್ಲಿ, ಕಾಡುಗೋಡಿಯಿಂದ, ಬೆಳಗಿನ ಜಾವ ನಾಲ್ಕಕ್ಕೆ. ಹದಿನೇಳು ಸೀಟಿನ ಎರಡು ವ್ಯಾನುಗಳು. ನಾಲ್ಕು ದಿನ, ಹದಿನಾಲ್ಕು ಸ್ಥಳ. ಪಟ್ಟಿ ಮಾಡಿದವನು ನಾನೇ. ಹಳೇಬೀಡು ಮುಗಿಸಿ ಶಿರಾಡಿ ಘಾಟಿ ಇಳಿದು ಧರ್ಮಸ್ಥಳದಲ್ಲಿ ಉಳಿದೆವು. ಮರುದಿನ ಮಂಗಳೂರು: ಕದ್ರಿ, ಕುದ್ರೋಳಿ, ಇಟಲಿಯ ಜೆಸ್ವಿಟ್ ಬ್ರದರ್ ಮೊಸ್ಕೇನಿ ಚಿತ್ರ ಬರೆದ ಸಂತ ಅಲೋಶಿಯಸ್ ಚಾಪೆಲ್, ಸುಲ್ತಾನ್ ಬತ್ತೇರಿ, ಕೊನೆಗೆ ಪಣಂಬೂರಿನಲ್ಲಿ ಸೂರ್ಯಾಸ್ತ. ಬತ್ತೇರಿಗೆ ನಾನು ಹಾಕಿದ್ದು ಇಪ್ಪತ್ತು ನಿಮಿಷ. ಚಿಕ್ಕ ಜಾಗ. ಮೆಟ್ಟಿಲು ಹತ್ತಿ, ಬಂದೂಕಿನ ಕಿಂಡಿಗಳಲ್ಲಿ ಇಣುಕಿ, ‘1784ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ್ದು’ ಎಂದು ನಾನು ಹೇಳಿ, ಗುಂಪಿನ ಫೋಟೊ ತೆಗೆದು ಮುಗಿಸುವಷ್ಟರಲ್ಲಿ ಹನ್ನೆರಡು ನಿಮಿಷ ಆಗಿತ್ತು. ಚಾಲಕರು ಎಳನೀರು ಕುಡಿದು ಬರುವ ಮೊದಲೇ ನಾವು ವ್ಯಾನಿನ ಬಳಿ ಇದ್ದೆವು.

ತಲೆ ಎಣಿಸಿದರೆ ಮೂವರು ಇಲ್ಲ. ಮಾಲೂರು ಕಡೆಯ ಒಬ್ಬ ಹುಡುಗಿ, ಸಮಾಜ ವಿಜ್ಞಾನ ವಿಧಾನದವಳು, ಜೊತೆಗೆ ಇನ್ನಿಬ್ಬರು. ಬತ್ತೇರಿಯ ಪಕ್ಕದ ಕಡವಿನಿಂದ ದೋಣಿ ಹತ್ತಿ ಹೊಳೆ ದಾಟಿದ್ದರು. ಹೇಳಿ ಹೋದದ್ದು ಒಬ್ಬ ಗೆಳತಿಗೆ ಮಾತ್ರ. ಅವಳು ನಮಗೆ ಹೇಳಲು ಮರೆತಿದ್ದಳು. ಮೂವರೂ ತಿರುಗಿ ಬಂದಾಗ ಐದೂ ಮೂವತ್ತೈದು. ಪಣಂಬೂರು ಮುಟ್ಟುವಾಗ ಸೂರ್ಯ ಮುಳುಗಿ ಕತ್ತಲಾಗುತ್ತಿತ್ತು. ಸಮುದ್ರವನ್ನು ಆ ದಿನ ಮೊದಲ ಸಲ ನೋಡಬೇಕೆಂದಿದ್ದ ಹತ್ತಾರು ಮಂದಿ ನೊರೆಯ ಗೆರೆಯನ್ನಷ್ಟೇ ಕಂಡರು.

ವ್ಯಾನಿನ ಬಾಗಿಲಲ್ಲಿ, ಎಲ್ಲರೆದುರು, ನಾನು ಆಕೆಯನ್ನು ಗದರಿದೆ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಇತ್ತು. ‘ಏನಮ್ಮಾ ಅದು?’ ಎಂದೆ. ತೆಗೆದು ತೋರಿಸಿದಳು: ಅರ್ಧ ಮುರಿದ ಹೆಂಚು, ಪಾಚಿ ಹಿಡಿದದ್ದು. ‘ಈ ಕಸ ತರೋದಕ್ಕೆ ಮೂವತ್ತು ಜನರನ್ನ ಕಾಯಿಸಿದ್ಯಾ?’ ಎಂದೆ. ಆಕೆ ಏನೂ ಹೇಳಲಿಲ್ಲ. ಹೆಂಚನ್ನು ಎಸೆಯಲೂ ಇಲ್ಲ. ಸೀಟಿನ ಕೆಳಗೆ ಕಾಲಿಗೆ ಒತ್ತಿಕೊಂಡು ಉಡುಪಿಯವರೆಗೂ ಕುಳಿತಳು. ಪ್ರವಾಸಕ್ಕಿದ್ದ ಹತ್ತು ಅಂಕದಲ್ಲಿ ಆಕೆಗೆ ಐದು ಕೊಟ್ಟೆ. ಷರಾ: ‘ಸಮಯಪಾಲನೆ ಇಲ್ಲ.’ ಮಿಕ್ಕವರಿಗೆ ಎಂಟು, ಒಂಬತ್ತು. ಬತ್ತೇರಿಯನ್ನು ಸಮುದ್ರದ ದಂಡೆಗೆ ಸಾಗಿಸಿದ ಹತ್ತೊಂಬತ್ತು ಜನಕ್ಕೂ.

ಹೇಳದೆ ದೋಣಿ ಹತ್ತಿದ್ದು ತಪ್ಪು. ಅದನ್ನು ಈಗಲೂ ಹೇಳುತ್ತೇನೆ. ಗೊತ್ತಿಲ್ಲದ ಊರಿನ ಹೊಳೆಯಲ್ಲಿ ಏನಾದರೂ ಆಗಿದ್ದರೆ ಉತ್ತರ ಕೊಡಬೇಕಾದವನು ನಾನು. ಗದರಿದ್ದಕ್ಕೆ ನನಗೆ ಪಶ್ಚಾತ್ತಾಪ ಇಲ್ಲ. ಆದರೆ ಹೋದದ್ದು ಏಕೆ ಎಂದು ನಾನು ಕೇಳಲಿಲ್ಲ. ಪೀಠಿಕೆಯ ಪ್ರಶ್ನೆ ಕೇಳದೆ ಪಾಠ ಶುರು ಮಾಡಿದರೆ ಪ್ರಶಿಕ್ಷಣಾರ್ಥಿಗೆ ಎರಡು ಅಂಕ ಕಳೆಯುವವನು ನಾನೇ.

ಜನವರಿಯಲ್ಲಿ ಬೋಧನಾಭ್ಯಾಸದ ವೀಕ್ಷಣೆಗೆಂದು ಕಾಡುಗೋಡಿ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಗೆ ಹೋದೆ. ಒಂಬತ್ತನೆಯ ತರಗತಿ, ಕರ್ನಾಟಕದ ಕೈಗಾರಿಕೆಗಳು. ಪಾಠ ಅದೇ ಹುಡುಗಿಯದು. ಈ ಶಾಲೆಯ ಮಕ್ಕಳ ವಿಚಾರ ಓದುಗರಿಗೆ ಗೊತ್ತಿರುವುದೇ: ತಂದೆ ಸೆಕ್ಯುರಿಟಿ, ತಾಯಿ ಅಪಾರ್ಟ್‌ಮೆಂಟಿನಲ್ಲಿ ಮನೆಗೆಲಸ, ಅಥವಾ ಇಬ್ಬರೂ ಗಾರ್ಮೆಂಟ್ಸ್. ಊರು ಕೇಳಿದರೆ ರಾಯಚೂರು, ಕಲಬುರಗಿ, ಕುಪ್ಪಂ, ಬಿಹಾರ, ನೇಪಾಳ. ಶಾಲೆಯ ಕಾಂಪೌಂಡಿನಿಂದ ಐಟಿ ಕಟ್ಟಡಗಳ ಗಾಜು ಕಾಣುತ್ತದೆ. ಮೆಟ್ರೊ ಬಂದ ಮೇಲೆ ಅದರ ಸದ್ದೂ ಕೇಳುತ್ತದೆ. ನಾನು ಹಿಂದಿನ ಬೆಂಚಿನಲ್ಲಿ ವೀಕ್ಷಣಾ ಪುಸ್ತಕ ತೆರೆದು ಕುಳಿತೆ.

ಆಕೆ ಚೀಲದಿಂದ ಅದೇ ಅರ್ಧ ಹೆಂಚನ್ನು ತೆಗೆದು ಮೇಜಿನ ಮೇಲಿಟ್ಟಳು. ಪಾಚಿ ತೊಳೆದಿದ್ದಳು. ‘ಇದೇನು?’

‘ಹಂಚು ಮಿಸ್’ ಎಂದ ಒಬ್ಬ. ಪಕ್ಕದ ಹುಡುಗಿ ರಾಯಚೂರಿನವಳು, ಅವಳಿಗೆ ನಗು ಬಂತು: ‘ಹಂಚಂದ್ರ ರೊಟ್ಟಿ ಸುಡೋದಲ್ಲೇನ್ರಿ ಮಿಸ್?’ ಕರಾವಳಿಯಲ್ಲಿ ಹಂಚು ಎಂದರೆ ಮಾಡಿನ ಮೇಲಿನದು, ಉತ್ತರ ಕರ್ನಾಟಕದಲ್ಲಿ ಒಲೆಯ ಮೇಲಿನದು, ನಮ್ಮ ಕಡೆ ಅದು ಹೆಂಚು. ಮೂರೂ ಬೋರ್ಡಿನ ಮೇಲೆ ಬಂದವು. ಪಾಠ ಯೋಜನೆಯಲ್ಲಿ ಇದು ಇರಲಿಲ್ಲ, ಎರಡು ನಿಮಿಷ ಹೋಯಿತು, ಆದರೆ ಇಡೀ ತರಗತಿ ಎದ್ದು ಕುಳಿತಿತು.

‘ಇದು ಎಲ್ಲಿಂದ ಬಂತು?’

‘ಮೇಲಿಂದ ಬಿತ್ತು ಮಿಸ್.’

ಅವನು ತಮಾಷೆಗೆ ಹೇಳಿರಲಿಲ್ಲ. ಆ ಶಾಲೆಯಲ್ಲಿ ಹೆಂಚಿನ ಮಾಡಿನ ಒಂದೇ ಒಂದು ಕೊಠಡಿ ಉಳಿದಿದೆ. ಈಗ ಅದು ಬಿಸಿಯೂಟದ ಸಾಮಾನು ಇಡುವ ಕೋಣೆ. ಮಳೆಗಾಲದಲ್ಲಿ ಅಲ್ಲಿಂದ ಹೆಂಚು ಬೀಳುತ್ತವೆ, ಮಕ್ಕಳು ಅತ್ತ ಹೋಗಬಾರದೆಂದು ಹಗ್ಗ ಕಟ್ಟಿದ್ದಾರೆ. ಆಕೆ ಮುಖ್ಯ ಶಿಕ್ಷಕರನ್ನು ಮೊದಲೇ ಕೇಳಿಕೊಂಡಿದ್ದಳು. ಕೋಣೆಯ ಹಿಂದೆ ರಾಶಿ ಹಾಕಿದ್ದ ಹಳೆಯ ಹೆಂಚುಗಳ ಬಳಿಗೆ, ಹಗ್ಗದಿಂದ ದೂರದಲ್ಲೇ, ಮಕ್ಕಳನ್ನು ಕರೆದೊಯ್ದು ಐದೈದು ಜನಕ್ಕೆ ಒಂದೊಂದು ಹೆಂಚು ಕೊಟ್ಟಳು. ‘ತಿರುಗಿಸಿ ನೋಡಿ, ಏನಾದರೂ ಬರೆದಿದೆಯಾ?’

ಬರೆದಿತ್ತು. ಅಡಿಭಾಗದಲ್ಲಿ ಉಬ್ಬಿದ ಇಂಗ್ಲಿಷ್ ಅಕ್ಷರ: ಕಂಪನಿಯ ಹೆಸರು, ಕೆಳಗೆ ಮಂಗಳೂರು. ಒಂದು ಗುಂಪಿನ ಹೆಂಚಿನ ಮೇಲೆ ಆಲ್ಬುಕರ್ಕ್ ಎಂಬ ಹೆಸರೂ 1868 ಎಂಬ ಅಂಕಿಯೂ ಇತ್ತು. ಗದ್ದಲ ಶುರುವಾಯಿತು. ‘ಮಿಸ್, ನಮ್ಮ ಸ್ಕೂಲು ನೂರೈವತ್ತು ವರ್ಷದ್ದು!’ ಇಲ್ಲಿ ನಾನಾಗಿದ್ದರೆ ತಕ್ಷಣ ತಿದ್ದುತ್ತಿದ್ದೆ. ಆಕೆ ತಿದ್ದಲಿಲ್ಲ. ‘ಇಸವಿ ಬರೆದಿರೋ ಬೇರೆ ಏನನ್ನ ನೋಡಿದ್ದೀರಿ?’ ಎಂದಳು. ನಾಣ್ಯ ಎಂದರು. ಸಿಮೆಂಟ್ ಮನೆಯ ನೆತ್ತಿ ಎಂದರು. ಒಬ್ಬ ಹುಡುಗ ಸ್ವಲ್ಪ ಹೊತ್ತು ಬಿಟ್ಟು, ‘ಬೇಕರಿ ಬೋರ್ಡ್ ಮೇಲೆ ಸಿನ್ಸ್ ಅಂತ ಇರುತ್ತೆ ಮಿಸ್. ಬನ್ನು ಇವತ್ತಿಂದೇ’ ಎಂದ.

ಅಲ್ಲಿಗೆ ಮುಗಿಯಿತು. 1868 ಆ ಕಂಪನಿ ಶುರುವಾದ ವರ್ಷ, ಹೆಂಚು ಸುಟ್ಟ ವರ್ಷವಲ್ಲ. ಆಧಾರವನ್ನು ಪರೀಕ್ಷಿಸುವುದೆಂದರೆ ಏನು ಎಂದು ನಾನು ಇತಿಹಾಸ ಬೋಧನಾ ವಿಧಾನದಲ್ಲಿ ಎರಡು ಅವಧಿ ಉಪನ್ಯಾಸ ಕೊಡುತ್ತೇನೆ. ಆ ಹುಡುಗ ಅದನ್ನು ಒಂದು ಬನ್ನಿನಲ್ಲಿ ಹೇಳಿದ.

ಆಮೇಲೆ ಆಕೆ ನೆಲದ ಮೇಲೆ ಕೋಲಿನಿಂದ ಗೀರಿ ತೋರಿಸಿದಳು. ಇದು ನೇತ್ರಾವತಿ, ದಕ್ಷಿಣದಿಂದ. ಇದು ಗುರುಪುರ ನದಿ, ಉತ್ತರದಿಂದ. ಎರಡೂ ಅಳಿವೆಯ ಹತ್ತಿರ ಕೂಡಿ ಸಮುದ್ರಕ್ಕೆ ಇಳಿಯುತ್ತವೆ. ಇಲ್ಲಿ ಮರಳ ಪಟ್ಟಿ. ಇಲ್ಲಿ, ನದಿಯ ಒಳದಡದಲ್ಲಿ, ಒಂದು ಕಾವಲು ಬುರುಜು. ‘ಸಮುದ್ರದಿಂದ ವೈರಿ ಬರೋದಾದರೆ ಬುರುಜು ಸಮುದ್ರದ ದಡದಲ್ಲಿ ಇರಬೇಕಿತ್ತಲ್ಲ? ಒಳಗೆ ಯಾಕೆ ಕಟ್ಟಿದರು?’

ಇದೇ ಪ್ರಶ್ನೆಗಾಗಿ ಆಕೆ ದೋಣಿ ಹತ್ತಿದ್ದು. ಪಾಠ ಮುಗಿದ ಮೇಲೆ ಹೇಳಿದಳು: ‘ನೀವು 1784 ಅಂದಿರಿ ಸರ್. ಯಾರು ಕಟ್ಟಿಸಿದರು ಅಂತಲೂ ಹೇಳಿದಿರಿ. ಅಲ್ಲೇ ಯಾಕೆ ಅಂತ ಗೊತ್ತಾಗಲಿಲ್ಲ. ಆ ಕಡೆ ದಡದಿಂದ ನೋಡಿದರೆ ತಿಳಿಯಬಹುದು ಅನ್ನಿಸ್ತು.’ ತಿಳಿದಿತ್ತು ಕೂಡ. ಆಚೆ ಬರಿಯ ಮರಳು. ಅಲ್ಲಿ ಕಾಯಲು ಏನಿಲ್ಲ. ಹಡಗಿಗೆ ಒಳಬರುವ ದಾರಿ ಹೊಳೆ. ದಾರಿ ಇದ್ದಲ್ಲಿ ಕಾವಲು. 1783ರಲ್ಲಿ ಇಂಗ್ಲಿಷರು ಮಂಗಳೂರು ಹಿಡಿದಿದ್ದರು, ಟಿಪ್ಪು ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಊರನ್ನು ಮರಳಿ ಪಡೆದಿದ್ದ, 1784ರ ಮಾರ್ಚಿನಲ್ಲಿ ಮಂಗಳೂರು ಒಪ್ಪಂದ ಆಗಿತ್ತು. ಅದೇ ವರ್ಷ ಹೊಳೆಯ ಬಾಯಿಗೆ ಕಣ್ಣಿಟ್ಟು ಕಪ್ಪು ಕಲ್ಲಿನ ಬುರುಜು ಕಟ್ಟಿಸಿದ್ದು ಸುಮ್ಮನೆ ಅಲ್ಲ. ಇದೆಲ್ಲ ನನಗೂ ಗೊತ್ತಿದ್ದ ಸಂಗತಿಗಳೇ. ಒಂದರ ಪಕ್ಕ ಒಂದನ್ನು ಇಟ್ಟು ನೋಡಿರಲಿಲ್ಲ, ಅಷ್ಟೆ.

ಹೆಂಚು ಸಿಕ್ಕಿದ್ದು ದೋಣಿಯವರ ಮಾತಿನಿಂದ. ಇವರು ಬುರುಜಿನ ಬಗ್ಗೆ ಕೇಳಿದರೆ ಅವರು ಹೇಳಿದ್ದು ಬೇರೆಯೇ: ‘ಅದು ಎಂತ ದೊಡ್ಡದು ಟೀಚರ್? ಈ ಹೊಳೆಯಲ್ಲಿ ಹಂಚು ಎಷ್ಟು ಹೋಗಿದೆ ಗೊತ್ತುಂಟಾ ನಿಮಗೆ? ಮಂಜಿ ತುಂಬ ತುಂಬಿಸಿ ಕಳಿಸ್ತಿದ್ದದ್ದು. ಈಗ ಫ್ಯಾಕ್ಟರಿಯೂ ಇಲ್ಲ, ಮಂಜಿಯೂ ಇಲ್ಲ.’ ಮಂಜಿ ಎಂದರೆ ಹಾಯಿ ಕಟ್ಟಿದ ಸರಕಿನ ಹಡಗು. ದಡದಲ್ಲಿ ಕೆಡವಿದ್ದ ಒಂದು ಹಳೆಯ ಮನೆಯ ಬಳಿ ನಿಲ್ಲಿಸಿ, ‘ಬೇಕಾದರೆ ಒಂದು ತಕೊಂಡು ಹೋಗಿ’ ಎಂದರಂತೆ.

ಮತ್ತೆ ಶಾಲೆಯ ಅಂಗಳಕ್ಕೆ ಬರುತ್ತೇನೆ. ನದಿಗಳನ್ನು ಗೀರಿದ ಮೇಲೆ ಕೈಗಾರಿಕೆಯ ಪಾಠಕ್ಕೆ ದಾರಿ ತೆರೆದುಕೊಂಡಿತು. ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದಲ್ಲಿ, ಹೆಂಚಿನ ಕಾರ್ಖಾನೆ ಶುರು ಮಾಡಿದರು. ಮೂರು ವರ್ಷದಲ್ಲಿ ಸ್ಥಳೀಯರೂ ಶುರು ಮಾಡಿದರು. ಯಾಕೆ ಮಂಗಳೂರಿನಲ್ಲಿ? ಮಕ್ಕಳೇ ಒಂದೊಂದಾಗಿ ಹೇಳಿದರು: ಜೇಡಿಮಣ್ಣು, ಸುಡಲು ಸೌದೆ, ನೀರು, ಸಾಗಿಸಲು ದೋಣಿ. ಪಠ್ಯದಲ್ಲಿ ‘ಕೈಗಾರಿಕೆಗಳ ಸ್ಥಾನೀಕರಣಕ್ಕೆ ಕಾರಣವಾಗುವ ಅಂಶಗಳು’ ಎಂದು ಇರುವುದು ಇದೇ. ಬಾಯಿಪಾಠ ಮಾಡಿಸಿದರೆ ಆ ಪದವನ್ನು ಉಚ್ಚರಿಸಲೇ ಒಂದು ವಾರ ಬೇಕು.

ಲೆಕ್ಕವೂ ಬಂತು. ಒಂದು ಚದರ ಮೀಟರ್ ಮಾಡಿಗೆ ಸುಮಾರು ಹದಿನೈದು ಹೆಂಚು; ಒಂದರ ತೂಕ ಎರಡರಿಂದ ಮೂರು ಕಿಲೊ. ಆ ಕೋಣೆಯ ಮಾಡು ನಲವತ್ತು ಚದರ ಮೀಟರ್ ಎಂದುಕೊಂಡರೆ ಆರುನೂರು ಹೆಂಚು, ಹತ್ತಿರ ಹತ್ತಿರ ಒಂದೂವರೆ ಟನ್. ಮಂಗಳೂರಿನಿಂದ ಕಾಡುಗೋಡಿಗೆ ಅದು ಬಂದದ್ದು ಹೇಗೆ? ಲಾರಿಯಲ್ಲೇ? ರೈಲಿನಲ್ಲೇ? ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಅದೂ ಕೇರಳದ ಕಡೆಯಿಂದ. ಹಾಸನದ ಮೂಲಕ ಘಾಟಿ ಇಳಿಯುವ ಹಳಿ ಮುಗಿದದ್ದು 1979ರಲ್ಲಿ. ವೈಟ್‌ಫೀಲ್ಡಿನ ಮೇಲೆ ಹಾಯುವ ಬೆಂಗಳೂರು–ಜೋಲಾರ್‌ಪೇಟೆ ಹಳಿಯಾದರೋ 1864ರದು. ಕೋಣೆ ಯಾವಾಗ ಕಟ್ಟಿದ್ದೆಂದು ಶಾಲೆಯ ದಾಖಲೆಯಲ್ಲಿ ಇಲ್ಲ. ಆದ್ದರಿಂದ ಉತ್ತರವೂ ಇಲ್ಲ. ಆಕೆ ಪ್ರಶ್ನೆಯನ್ನು ಹಾಗೆಯೇ ಬಿಟ್ಟಳು: ‘ಊರಿನ ಹಿರಿಯರನ್ನ ಕೇಳಿಕೊಂಡು ಬನ್ನಿ.’

‘ಈಗ ಮಂಗಳೂರಿನಿಂದ ನಮಗೆ ಏನು ಬರುತ್ತೆ?’ ಎಂದಾಗ ಮೀನು ಎಂದರು. ಒಬ್ಬ ಹುಡುಗ ಕೈ ಎತ್ತಿದ. ತಂದೆ ಟ್ಯಾಂಕರ್ ಚಾಲಕ, ದೇವನಗೊಂದಿ ಡಿಪೊದಿಂದ ಪೆಟ್ರೋಲ್ ಲೋಡ್ ತರುತ್ತಾರೆ. ‘ಅಲ್ಲಿಗೆ ಪೆಟ್ರೋಲ್ ಎಲ್ಲಿಂದ ಬರುತ್ತೆ ಅಂತ ಅಪ್ಪನ್ನ ಕೇಳಿದ್ದೀಯಾ?’ ಕೇಳಿರಲಿಲ್ಲ. ಮಂಗಳೂರಿನ ತೈಲ ಶುದ್ಧೀಕರಣ ಘಟಕದಿಂದ ಹಾಸನದ ಮೂಲಕ ನೆಲದೊಳಗಿನ ಕೊಳವೆಯಲ್ಲಿ, ಸುಮಾರು 360 ಕಿಲೋಮೀಟರ್, 2003ರಿಂದ. ವೈಟ್‌ಫೀಲ್ಡಿನ ಮುಂದಿನ ರೈಲು ನಿಲ್ದಾಣ ಅದು. ಆ ರಸ್ತೆಯಲ್ಲಿ ಸಾಲುಗಟ್ಟಿ ನಿಲ್ಲುವ ಟ್ಯಾಂಕರುಗಳನ್ನು ಆ ಮಕ್ಕಳು ದಿನವೂ ನೋಡುತ್ತಾರೆ. ಹುಡುಗ ಸ್ವಲ್ಪ ಹೊತ್ತು ನೆಲವನ್ನೇ ನೋಡುತ್ತಿದ್ದ. ಕೊಳವೆ ತನ್ನ ಕಾಲ ಕೆಳಗೇ ಇದೆಯೋ ಎಂಬಂತೆ.

ಸಮುದ್ರ ನೋಡಿದವರು ಎಷ್ಟು ಜನ ಎಂದು ಆಕೆ ಕೇಳಿದಳು. ನಲವತ್ತೊಂದು ಮಕ್ಕಳಲ್ಲಿ ಐದು ಕೈ.

ಪಾಠದಲ್ಲಿ ತಪ್ಪುಗಳೂ ಇದ್ದವು, ಮುಚ್ಚಿಡುವುದಿಲ್ಲ. ವೈಟ್‌ಫೀಲ್ಡ್ ಡಿಪೊಗೆ ಬರುವ ಕಂಟೇನರುಗಳೂ ಮಂಗಳೂರಿನಿಂದಲೇ ಬರುತ್ತವೆ ಎಂದಳು. ಅಲ್ಲ, ಆ ಡಿಪೊದ ರೈಲು ಸಂಪರ್ಕ ಮುಖ್ಯವಾಗಿ ಚೆನ್ನೈ ಬಂದರಿನೊಂದಿಗೆ. ಮರುದಿನ ತರಗತಿಯಲ್ಲಿ ತಾನೇ ತಿದ್ದಿದಳು. ಮೌಲ್ಯಮಾಪನದ ಹಂತಕ್ಕೆ ಬರುವ ಮೊದಲೇ ಗಂಟೆ ಹೊಡೆಯಿತು. ಕಪ್ಪುಹಲಗೆಯ ಬರವಣಿಗೆ ಹೆಂಚು, ಹಂಚು, ರೊಟ್ಟಿಯಲ್ಲಿ ನಿಂತಿತ್ತು. 5ಇ ಮಾದರಿಯ ಐದು ಹಂತಗಳಲ್ಲಿ ಮೂರನ್ನು ಗುರುತಿಸಬಹುದಿತ್ತು, ಕ್ರಮ ತಪ್ಪಿತ್ತು. ನಮ್ಮ ವೀಕ್ಷಣಾ ನಮೂನೆಯ ಕಾಲಮ್ಮುಗಳನ್ನು ಪ್ರಾಮಾಣಿಕವಾಗಿ ತುಂಬಿದರೆ ಅದು ಸಾಧಾರಣ ಪಾಠ. ಮಾರ್ಗದರ್ಶಕ ಶಿಕ್ಷಕಿ ಹಿಂದಿನ ಸಾಲಿನಲ್ಲಿ ನನ್ನ ಪಕ್ಕ ಬಂದು ನಿಂತು, ‘ಹನ್ನೆರಡು ವರ್ಷದಿಂದ ಆ ಕೋಣೆ ಬೀಗ ನಾನೇ ತೆಗೀತೀನಿ ಸರ್, ಒಂದು ದಿನವೂ ಮೇಲೆ ನೋಡಿರಲಿಲ್ಲ’ ಎಂದರು.

ಇಷ್ಟಾದ ಮೇಲೆ ನನ್ನ ಅಭಿಪ್ರಾಯ: ಪ್ರವಾಸ ವರದಿಯನ್ನು ಕೈಬಿಡೋಣ. ಅದರ ಅಂಕಗಳನ್ನು ಒಂದು ಪಾಠಕ್ಕೆ ಕೊಡೋಣ. ಪ್ರವಾಸದಲ್ಲಿ ಕಂಡ ಯಾವುದಾದರೂ ಒಂದೇ ಒಂದು ಸ್ಥಳವನ್ನು, ಅದನ್ನು ಕಾಣದ ಮಕ್ಕಳಿಗೆ, ಬೋಧನಾಭ್ಯಾಸದ ಶಾಲೆಯಲ್ಲಿ, ಪಠ್ಯದಲ್ಲಿ ಇರುವ ಘಟಕಕ್ಕೆ ಹೊಂದಿಸಿ ಕಲಿಸಬೇಕು. ಅಂಕ ಹಾಕುವುದರಲ್ಲಿ ಮಾರ್ಗದರ್ಶಕ ಶಿಕ್ಷಕರಿಗೂ ಪಾಲಿರಬೇಕು. 2015ರಲ್ಲಿ ಬಿ.ಇಡಿ. ಎರಡು ವರ್ಷದ್ದಾದಾಗಿನಿಂದ ಇಂಟರ್ನ್‌ಶಿಪ್ಪಿಗೆ ವಾರಗಟ್ಟಲೆ ಸಮಯ ಸಿಕ್ಕಿದೆ. ಸಮಯ ಇಲ್ಲ ಎಂಬ ಹಳೆಯ ಮಾತು ಈಗ ನಡೆಯದು. ಶಾಲೆಯ ಹೊರಗಿನ ಬದುಕಿಗೆ ಜ್ಞಾನವನ್ನು ಜೋಡಿಸಬೇಕು ಎಂಬ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಆಶಯವನ್ನು ನಮ್ಮ ಪ್ರತಿಯೊಂದು ಪ್ರವಾಸ ವರದಿಯ ಮೊದಲ ಪುಟದಲ್ಲೂ ಬರೆಸುತ್ತೇವೆ. ಎರಡನೆಯ ಪುಟದಿಂದ ಅದು ಕಾಣೆ.

ಸಿಬ್ಬಂದಿ ಸಭೆಯಲ್ಲಿ ಇದನ್ನು ಹೇಳಿದಾಗ ಬಂದ ಆಕ್ಷೇಪಗಳಲ್ಲಿ ಒಂದು ನನ್ನನ್ನು ನಿಲ್ಲಿಸಿತು. ಪ್ರವಾಸಕ್ಕೆ ನಮ್ಮೊಡನೆ ಬಂದಿದ್ದ ಹಿರಿಯ ಸಹೋದ್ಯೋಗಿ ಮೇಡಂ ಎತ್ತಿದ್ದು. ‘ನಮ್ಮ ಪ್ರಶಿಕ್ಷಣಾರ್ಥಿಗಳಲ್ಲಿ ಅರ್ಧಕ್ಕೂ ಹೆಚ್ಚು ಹೆಣ್ಣುಮಕ್ಕಳು. ಕೆಲವರಿಗೆ ಮದುವೆಯಾಗಿದೆ, ಮಗು ಇದೆ. ಬೆಳಿಗ್ಗೆ ಐದಕ್ಕೆ ಎದ್ದು ಅಡುಗೆ ಮಾಡಿಟ್ಟು ಎರಡು ಬಸ್ ಹಿಡಿದು ಬರೋರು. ಜೀವನದಲ್ಲಿ ಒಂದು ಸಲ ನಾಲ್ಕು ದಿನ ತಮಗಾಗಿ ಹೋಗ್ತಾರೆ. ಅದಕ್ಕೂ ಪಾಠ ಯೋಜನೆ ಬರೀರಿ ಅಂತೀರಾ ಸರ್?’

ಉತ್ತರ ಕೊಡಲು ನನಗೆ ಕಷ್ಟವಾಯಿತು, ಏಕೆಂದರೆ ನಾನು ನೋಡಿದ್ದೆ. ಮಂಗಳೂರಿನ ಮರುದಿನ ಮಲ್ಪೆಯಲ್ಲಿ, ಹೊಸಕೋಟೆಯ ಕಡೆಯ ಒಬ್ಬ ಪ್ರಶಿಕ್ಷಣಾರ್ಥಿ, ಮೂವತ್ತು ದಾಟಿದವರು, ಸೀರೆಯ ನೆರಿಗೆ ಎತ್ತಿಕೊಂಡು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದರು. ಫೋಟೊ ತೆಗೆಸಿಕೊಳ್ಳಲಿಲ್ಲ, ಯಾರನ್ನೂ ಕರೆಯಲಿಲ್ಲ. ಕಾಲು ಗಂಟೆ ಹಾಗೇ ನಿಂತಿದ್ದರು. ಅವರಿಂದ ಆ ಕಾಲು ಗಂಟೆಯ ಉದ್ದೇಶ ಮತ್ತು ನಿರ್ದಿಷ್ಟ ಸಾಮರ್ಥ್ಯಗಳನ್ನು ಬರೆಸುವ ಆಸೆ ನನಗಿಲ್ಲ. ಹಾಗಾಗಿಯೇ ಒಂದು ಸ್ಥಳ ಸಾಕು ಎನ್ನುತ್ತಿದ್ದೇನೆ. ಹದಿಮೂರು ಸ್ಥಳಗಳು ಅವರವು. ಹೇಳಬೇಕೆಂದರೆ ಅವರ ಸಂತೋಷಕ್ಕೆ ಅಡ್ಡ ಬಂದಿರುವುದು ಈಗಿನ ವರದಿಯೇ: ದೇವಸ್ಥಾನದ ಕಟ್ಟೆಯ ಮೇಲೆ ಕುಳಿತು ಫಲಕದ ಬರಹವನ್ನು ಮೊಬೈಲಿನಲ್ಲಿ ಸೆರೆಹಿಡಿಯುತ್ತಿದ್ದವರನ್ನು ನಾಲ್ಕು ದಿನವೂ ನೋಡಿದ್ದೇನೆ. ವರದಿ ತಪ್ಪಿದರೆ ಅವರ ಕಣ್ಣಿಗೆ ಸ್ವಲ್ಪ ಬಿಡುವಾಗುತ್ತದೆ.

ಪಟ್ಟಿಯೂ ಚಿಕ್ಕದಾಗಬೇಕು. ನಾಲ್ಕು ದಿನಕ್ಕೆ ಹದಿನಾಲ್ಕು ಸ್ಥಳ ಎಂದರೆ ಹೆಚ್ಚು ಹೊತ್ತು ನೋಡುವುದು ವ್ಯಾನಿನ ಮುಂದಿನ ಸೀಟಿನ ಬೆನ್ನನ್ನು. ಏಳು ಸಾಕು. ಯಾವುದಾದರೂ ಎರಡು ಕಡೆ ಒಂದೊಂದು ಗಂಟೆ, ಇಂತಿಷ್ಟು ದೂರ, ಇಂತಿಷ್ಟು ಜನ ಒಟ್ಟಿಗೆ, ಹೇಳಿ ಹೋಗಬೇಕು ಎಂಬ ಕಟ್ಟುಪಾಡಿನೊಂದಿಗೆ ಬಿಟ್ಟುಬಿಡಬೇಕು. ಆ ಹುಡುಗಿ ಹೇಳದೆ ಹೋದದ್ದಕ್ಕೆ ಒಂದು ಕಾರಣ, ಹೇಳಿದ್ದರೆ ನಾನು ಬಿಡುತ್ತಿರಲಿಲ್ಲ. ಇದು ನನಗೂ ಗೊತ್ತು, ಅವಳಿಗೂ ಗೊತ್ತಿತ್ತು. ಹೊರಡುವ ಮೊದಲೇ ಪ್ರತಿಯೊಬ್ಬರಿಗೂ ಜನವರಿಯಲ್ಲಿ ತಾವು ಮಾಡಬೇಕಾದ ಘಟಕ ಯಾವುದೆಂದು ತಿಳಿದಿರಬೇಕು. ಆಕೆಗೆ ತಿಳಿದಿತ್ತು; ಮಾರ್ಗದರ್ಶಕ ಶಿಕ್ಷಕಿಯನ್ನು ನವೆಂಬರಿನಲ್ಲೇ ಕೇಳಿಕೊಂಡಿದ್ದಳು. ಕೈಗಾರಿಕೆ ಎಂಬ ಪದ ತಲೆಯಲ್ಲಿ ಇದ್ದುದರಿಂದ ದೋಣಿಯವರ ಬಾಯಲ್ಲಿ ಬಂದ ಫ್ಯಾಕ್ಟರಿ ಕಿವಿಗೆ ಬಿತ್ತು. ನನ್ನ ಕಿವಿಗೆ ಬಿದ್ದಿದ್ದರೂ ನಾನು ಗಡಿಯಾರ ನೋಡುತ್ತಿದ್ದೆ.

ಇನ್ನು ಬಾರದಿದ್ದ ಏಳು ಮಂದಿ. ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಇವರ ವಿಷಯ. ಹಣವಿಲ್ಲದ ಕಾರಣಕ್ಕೆ ಬಾರದವರಿಂದ ಕಾಣದ ಊರಿನ ವರ್ಣನೆ ಬರೆಸುವುದು ನಕಲು ಮಾಡಲು ನಾವೇ ಕೊಡುವ ತರಬೇತಿ. ನಾಳೆ ಅವರು ತಮ್ಮ ಮಕ್ಕಳಿಂದ ಪ್ರಾಜೆಕ್ಟ್ ಬರೆಸುವಾಗ ಏನು ಮಾಡುತ್ತಾರೆಂದು ಬಿಡಿಸಿ ಹೇಳಬೇಕಿಲ್ಲ. ಅವರಿಗೂ ಒಂದು ನಿಲುಗಡೆ ಕೊಡೋಣ, ಸಿಟಿ ಬಸ್ಸಿನ ಟಿಕೆಟ್ಟಿನ ದೂರದಲ್ಲಿ. ಏಳು ಜನರಲ್ಲಿ ಇಬ್ಬರು ಪೀಣ್ಯದ ಕಡೆಯಿಂದ ಬರುವವರು. ಒಬ್ಬರ ಅಣ್ಣ ಎರಡನೆಯ ಹಂತದಲ್ಲಿ ಲೇತ್ ನಡೆಸುತ್ತಾರೆ. ಕಬ್ಬಿಣದ ಸರಳು ಎಲ್ಲಿಂದ ಬರುತ್ತದೆ, ತಿರುಪು ಎಲ್ಲಿಗೆ ಹೋಗುತ್ತದೆ, ಚೂರು ಯಾರು ಕೊಳ್ಳುತ್ತಾರೆ ಎಂದು ಒಂದು ಮಧ್ಯಾಹ್ನ ಅಲ್ಲಿ ನಿಂತು ಕೇಳಿಕೊಂಡರೆ ಎಂಟನೆಯ ತರಗತಿಗೆ ಒಂದು ವಾರದ ಸಾಮಗ್ರಿ. ವೈಟ್‌ಫೀಲ್ಡಿನಲ್ಲಿಯೇ, 1882ರಲ್ಲಿ ಆಂಗ್ಲೋ ಇಂಡಿಯನ್ನರಿಗಾಗಿ ಶುರುವಾದ ಹಳೆಯ ವಸತಿಯ ಇನ್ನರ್ ಸರ್ಕಲ್ಲಿನಲ್ಲಿ, ಹೆಂಚಿನ ಮಾಡಿನ ಮನೆಗಳು ಬೆರಳೆಣಿಕೆಯಷ್ಟು ಉಳಿದಿವೆ. ಅವುಗಳ ಮುಂದೆ ದಿನವೂ ಬಸ್ಸಿನಲ್ಲಿ ಹಾದು ಬರುವವರು ನಮ್ಮಲ್ಲೇ ಇದ್ದಾರೆ. ಕರಾವಳಿಗೆ ಹೋದವರ ಪಾಠಕ್ಕೂ ಇವರ ಪಾಠಕ್ಕೂ ಒಂದೇ ಅಳತೆ, ಒಂದೇ ಅಂಕ.

ಸುಳ್ಳು ಪಾಠಗಳೂ ಬರುತ್ತವೆ, ಎಲ್ಲರೂ ಹೆಂಚು ತರುತ್ತಾರೆ ಎಂದು ಇನ್ನೊಬ್ಬ ಸಹೋದ್ಯೋಗಿ ನಕ್ಕರು. ಬರಬಹುದು. ಆದರೆ ಮಕ್ಕಳ ಮುಂದೆ ನಿಂತು ‘ಬತ್ತೇರಿ ಸಮುದ್ರದ ದಂಡೆಯಲ್ಲಿದೆ’ ಎಂದವರಿಗೆ ‘ಹಾಗಾದರೆ ಫೋಟೊದಲ್ಲಿ ಆ ಕಡೆ ದಡ ಯಾಕೆ ಕಾಣುತ್ತೆ ಮಿಸ್?’ ಎಂದು ಕೇಳುವವರು ಅಲ್ಲಿ ಇರುತ್ತಾರೆ. ಸ್ಪೈರಲ್ ಬೈಂಡಿಂಗಿನ ವರದಿಯನ್ನು ಹಾಗೆ ಕೇಳುವವರು ಯಾರೂ ಇಲ್ಲ. ನಾನಂತೂ ಕೇಳಿರಲಿಲ್ಲ.

ಆ ಪಾಠ ನೋಡಿದ ವಾರವೇ ಪ್ರವಾಸದ ಐದು ಅಂಕವನ್ನು ತಿದ್ದಲು ಕಚೇರಿಗೆ ಹೋದೆ. ಆಂತರಿಕ ಅಂಕಗಳನ್ನು ಆಗಲೇ ಪೋರ್ಟಲಿಗೆ ಏರಿಸಿ ಮುಚ್ಚಿದ್ದರು. ಆಕೆಗ‌ೆ ಹೇಳಿದೆ. ‘ಪರವಾಗಿಲ್ಲ ಸರ್, ನೀವು ಕಾದಿದ್ದೂ ನಿಜ ಅಲ್ವಾ’ ಎಂದಳು. ಮಕ್ಕಳಿಗೆ ಆಕೆ ಕೊಟ್ಟಿದ್ದ ಮನೆಗೆಲಸದ ಹಾಳೆಗಳನ್ನು ನೋಡಲು ಕೇಳಿ ತಂದುಕೊಂಡೆ: ‘ನಿಮ್ಮ ಮನೆಯ ಮೇಲೆ ಏನಿದೆ? ಅದು ಎಲ್ಲಿಂದ ಬಂತು?’ ಬಹುತೇಕ ಎಲ್ಲರ ಮನೆಯ ಮೇಲೂ ಶೀಟು. ‘ಶೀಟು, ಓನರ್ ತಂದದ್ದು, ಬೇಸಿಗೆಯಲ್ಲಿ ಒಳಗೆ ಕೂರಕ್ಕಾಗಲ್ಲ’ ಎಂದು ಒಬ್ಬಳು ಬರೆದಿದ್ದಳು. ಕೆಳಗೆ ಆಕೆ ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿರಲಿಲ್ಲ. ‘ಹೆಂಚಿನ ಕೋಣೆಯೊಳಗೆ ಸೆಕೆ ಹೇಗಿರುತ್ತೆ? ಏಪ್ರಿಲ್‌ನಲ್ಲಿ ಎರಡೂ ಕಡೆ ಥರ್ಮಾಮೀಟರ್ ಇಟ್ಟು ನೋಡೋಣ’ ಎಂದು ಬರೆದಿದ್ದಳು.

ಏಪ್ರಿಲ್‌ನಲ್ಲಿ ಆಕೆಯ ಇಂಟರ್ನ್‌ಶಿಪ್ ಮುಗಿದಿತ್ತು. ಥರ್ಮಾಮೀಟರ್ ಇಟ್ಟದ್ದು ಬೀಗ ತೆಗೆಯುವ ಆ ಮಾರ್ಗದರ್ಶಕ ಶಿಕ್ಷಕಿ.

ಈ ಸಾಲಿನ ಪ್ರವಾಸದ ಕರಡು ಪಟ್ಟಿ ಕಳೆದ ವಾರ ನನ್ನ ಮೇಜಿಗೆ ಬಂದಿದೆ. ಮತ್ತೆ ಹದಿನಾಲ್ಕು ಸ್ಥಳ. ಸುಲ್ತಾನ್ ಬತ್ತೇರಿಗೆ ಈ ಸಲ ಇಪ್ಪತ್ತೈದು ನಿಮಿಷ. ಏಳು ಹೆಸರುಗಳ ಮೇಲೆ ಗೆರೆ ಎಳೆದು, ಬತ್ತೇರಿಯ ಮುಂದೆ ‘ಒಂದೂವರೆ ಗಂಟೆ, ದೋಣಿ ಸೇರಿ’ ಎಂದು ಬರೆದು ಪ್ರಾಂಶುಪಾಲರಿಗೆ ಕಳಿಸಿದ್ದೇನೆ.